ಟೆಲಿಸ್ಕೋಪ್ ಆಮೇಲೆ, ಮೊದಲು ಕಣಕ್ಕೆ ಬನ್ನಿ

ಆಕಾಶ ನೋಡುವ ಹವ್ಯಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಈ ಸಲ ಕೊಡಗಿನ ಪತ್ರಗಳನ್ನು ಮಾತ್ರ ಎತ್ತಿಕೊಂಡಿದ್ದೇನೆ. ಕಾರಣ ಇದೆ. ಪುಸ್ತಕಗಳಲ್ಲಿ ಸಿಗುವ ಸಲಹೆ ಬಹುಪಾಲು ಬೇರೆ ಊರಿನ ಆಕಾಶಕ್ಕೆ ಬರೆದದ್ದು. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ, ಮನೆ ಸುತ್ತ ಮರ, ಮರದಾಚೆ ಆನೆ ಇರುವ ಜಾಗಕ್ಕೆ ಅದು ಹಾಗೇ ಹೊಂದುವುದಿಲ್ಲ.

ಸರ್, ಮಗಳು ಏಳನೇ ಕ್ಲಾಸು. ಟೆಲಿಸ್ಕೋಪ್ ಬೇಕು ಅಂತ ಒಂದೇ ಹಠ. ಆನ್‌ಲೈನ್‌ನಲ್ಲಿ ಒಂದು ಸೆಟ್ ನೋಡಿದ್ದೇನೆ, ‘525 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಅಂತ ಡಬ್ಬದ ಮೇಲೇ ಇದೆ. 76 ಮಿ.ಮೀ. ಅಂತೆ. ತಗೊಳ್ಳಲಾ?
— ಕಾಫಿ ಬೆಳೆಗಾರರು, ಸಿದ್ದಾಪುರ

ಬೇಡ. ಡಬ್ಬದ ಮೇಲೆ ‘ಇಷ್ಟು ಪಟ್ಟು’ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಟೆಲಿಸ್ಕೋಪಿನ ಶಕ್ತಿ ಇರುವುದು ಅದರ ಬಾಯಿಯ ಅಗಲದಲ್ಲಿ, ಅಂದರೆ ಮುಂದಿನ ಲೆನ್ಸೋ ಒಳಗಿನ ಕನ್ನಡಿಯೋ ಎಷ್ಟು ಅಗಲ ಇದೆ ಎನ್ನುವುದರಲ್ಲಿ. ಬಾಯಿ ಅಗಲವಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ. ಹಳೇ ಲೆಕ್ಕ ಒಂದಿದೆ: ಒಂದು ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು. 76 ಮಿ.ಮೀ. ಕೊಳವೆ 150 ಪಟ್ಟಿನವರೆಗೆ ಹೇಗೋ ತಡೆಯುತ್ತದೆ, ಅದೂ ಗಾಳಿ ನಿಂತ ಒಳ್ಳೇ ರಾತ್ರಿಯಲ್ಲಿ. 525ಕ್ಕೆ ಎಳೆದರೆ ಚಂದ್ರ ದೊಡ್ಡದಾಗುತ್ತಾನೆ ನಿಜ, ಆದರೆ ಕಲಸಿಹೋದ ಮಸುಕು ಬಿಳುಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಇನ್ನು ಅಂಥ ಸೆಟ್‌ಗಳ ಜೊತೆ ಬರುವ ಸ್ಟ್ಯಾಂಡ್ ಕಡ್ಡಿಯ ಹಾಗಿರುತ್ತದೆ. ಕೈ ಮುಟ್ಟಿದರೆ ಸಾಕು, ಚಂದ್ರ ಕುಣಿಯುತ್ತಾನೆ. ಮಕ್ಕಳು ಎರಡು ರಾತ್ರಿ ಸಾಹಸ ಮಾಡಿ ಮೂರನೇ ರಾತ್ರಿ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಹವ್ಯಾಸವೂ ಅದರ ಜೊತೆಗೇ ಅಟ್ಟ ಸೇರುತ್ತದೆ, ಬೇಜಾರು ಅದು.

ಎಷ್ಟು ಪಟ್ಟು ಎನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ಕೊಳವೆಯ ಫೋಕಲ್ ಲೆಂತ್ ಅನ್ನು (ಬೆಳಕು ಒಂದೇ ಬಿಂದುವಿಗೆ ಸೇರಲು ಬೇಕಾಗುವ ದೂರ) ಐಪೀಸಿನ, ಅಂದರೆ ಕಣ್ಣಿಡುವ ಕಡೆಯ ಸಣ್ಣ ಲೆನ್ಸಿನ, ಫೋಕಲ್ ಲೆಂತ್‌ನಿಂದ ಭಾಗಿಸಿ. 700 ಮಿ.ಮೀ. ಕೊಳವೆಗೆ 25ರ ಐಪೀಸ್ ಹಾಕಿದರೆ 28 ಪಟ್ಟು, 10ರದ್ದು ಹಾಕಿದರೆ 70. ಅಷ್ಟು ಕಡಿಮೆಯಾ ಅನ್ನಬೇಡಿ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡಾಗ ಅವನ ಕೈಯಲ್ಲಿ ಇದ್ದದ್ದು ಸುಮಾರು 20 ಪಟ್ಟಿನ ಕೊಳವೆ. ಶನಿಯ ಬಳೆ 30 ಪಟ್ಟಿನಲ್ಲೇ ಬೇರೆಯಾಗಿ ಕಾಣಲು ಶುರುವಾಗುತ್ತದೆ, 70ರಲ್ಲಿ ಚೆನ್ನಾಗಿ ಕಾಣುತ್ತದೆ.

ಕೊಳ್ಳುವ ದಿನ ಬಂದಾಗ ನನ್ನ ಓಟು ಡಾಬ್ಸೋನಿಯನ್‌ಗೆ. ನೆಲದ ಮೇಲೆ ಕೂರುವ ಮರದ ಪೆಟ್ಟಿಗೆ, ಅದರಲ್ಲಿ ಮೇಲೆ ಕೆಳಗೆ ತಿರುಗುವ ಕೊಳವೆ, ಅಷ್ಟೇ. ಸ್ಕ್ರೂ ಇಲ್ಲ, ಮೋಟಾರ್ ಇಲ್ಲ, ಕೈಯಲ್ಲಿ ತಳ್ಳಿದರೆ ಹೋಗುತ್ತದೆ. ಹಣವೆಲ್ಲ ಕನ್ನಡಿಗೆ ಹೋಗುತ್ತದೆ, ಸ್ಟ್ಯಾಂಡಿಗಲ್ಲ. 130ರಿಂದ 150 ಮಿ.ಮೀ. ಇದ್ದರೆ ಹತ್ತಾರು ವರ್ಷಕ್ಕೆ ಸಾಕು. ಇದನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸಂನ್ಯಾಸಿಯಾಗಿದ್ದವರು ಗೊತ್ತಾ? ಪೊನ್ನಂಪೇಟೆಯಲ್ಲಿ ರಾಮಕೃಷ್ಣ ಶಾರದಾಶ್ರಮ ಇದೆಯಲ್ಲ, ಅದೇ ರಾಮಕೃಷ್ಣ ಪರಂಪರೆಯ ಸಾನ್ ಫ್ರಾನ್ಸಿಸ್ಕೋ ಮಠದಲ್ಲಿ 1944ರಿಂದ 1967ರವರೆಗೆ ಇದ್ದರು. ಹಡಗಿನ ಕಿಟಕಿಯ ಹಳೇ ಗಾಜು ತಂದು ಕೈಯಲ್ಲೇ ಉಜ್ಜಿ ಕನ್ನಡಿ ಮಾಡುತ್ತಿದ್ದರು. ರಾತ್ರಿ ಆ ಟೆಲಿಸ್ಕೋಪನ್ನು ಬೀದಿಗೆ ತಂದು ದಾರಿಹೋಕರನ್ನು ಕರೆದು ಕರೆದು ತೋರಿಸುತ್ತಿದ್ದರು. ಕೊನೆಗೆ ಮಠದಿಂದ ಹೊರಗೆ ಬರಬೇಕಾಯಿತು, ಆದರೆ ತೋರಿಸುವುದನ್ನು ಬಿಡಲಿಲ್ಲ.

ಸದ್ಯಕ್ಕೆ ಮಗಳಿಗೊಂದು ಷರತ್ತು ಹಾಕಿ. ಬರಿಗಣ್ಣಿನಲ್ಲಿ ಹತ್ತು ನಕ್ಷತ್ರ ಗುರುತಿಸಿ ನಿಮಗೆ ತೋರಿಸಲಿ, ಆಮೇಲೆ ಟೆಲಿಸ್ಕೋಪ್. ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲದವರ ಕೈಗೆ ಎಷ್ಟು ದೊಡ್ಡ ಕೊಳವೆ ಕೊಟ್ಟರೂ ಅದು ಕಪ್ಪು ಆಕಾಶವನ್ನೇ ತೋರಿಸುತ್ತದೆ.

ಕ್ಯಾಲೆಂಡರ್ ನೋಡಿ ನೋಡಿ 27 ನಕ್ಷತ್ರದ ಹೆಸರೂ ಬಾಯಿಗೆ ಬರುತ್ತದೆ. ಆದರೆ ಆಕಾಶದಲ್ಲಿ ಒಂದನ್ನೂ ತೋರಿಸಲು ಬರುವುದಿಲ್ಲ. ಈ ವಯಸ್ಸಿನಲ್ಲಿ ಎಲ್ಲಿಂದ ಶುರು ಮಾಡಲಿ?
— ನಿವೃತ್ತ ಶಿಕ್ಷಕಿ, ನಾಪೋಕ್ಲು

ಅರ್ಧ ಕೆಲಸ ಆಗಲೇ ಮುಗಿಸಿದ್ದೀರಿ ಟೀಚರ್. ನೀವು ನಮ್ಮ ಸುಗ್ಗಿ ಹಬ್ಬ ಹುತ್ತರಿಯಿಂದ ಶುರು ಮಾಡಿ.

ಹುತ್ತರಿ ಬರುವುದು ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸು, ರೋಹಿಣಿ ನಕ್ಷತ್ರದಲ್ಲಿ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಡುತ್ತಾರೆ, ನಿಮಗೆ ಹೇಳಬೇಕಾಗಿಲ್ಲ. ‘ರೋಹಿಣಿ ನಕ್ಷತ್ರದಲ್ಲಿ’ ಅಂದರೆ ಚಂದ್ರ ಆ ರಾತ್ರಿ ಆಕಾಶದಲ್ಲಿ ರೋಹಿಣಿಯ ಹತ್ತಿರ ಇರುತ್ತಾನೆ ಅಂತ. ಹಾಗಾಗಿ ಕದಿರು ತೆಗೆಯಲು ಗದ್ದೆಗೆ ಇಳಿದಾಗ ‘ಪೊಲಿ ಪೊಲಿ ದೇವಾ’ ಕೂಗಿ ಮುಗಿಸಿ ಒಂದು ನಿಮಿಷ ಚಂದ್ರನ ಪಕ್ಕ ನೋಡಿ. ಕಿತ್ತಳೆ ಬಣ್ಣದ ಒಂದು ನಕ್ಷತ್ರ ಇರುತ್ತದೆ. ಅದೇ ರೋಹಿಣಿ, ಇಲ್ಲಿಂದ ಸುಮಾರು 65 ಜ್ಯೋತಿರ್ವರ್ಷ ದೂರ. ಚಂದ್ರನ ಬೆಳಕಿಗೆ ಬೇರೆ ಸಣ್ಣ ಚುಕ್ಕಿಗಳೆಲ್ಲ ಮಾಯವಾಗಿರುತ್ತವೆ, ಇದೊಂದು ಉಳಿದಿರುತ್ತದೆ. ಹಬ್ಬದ ಗಡಿಬಿಡಿಯಲ್ಲೂ ತಪ್ಪುವ ಹಾಗಿಲ್ಲ.

ಹತ್ತು ದಿನ ಬಿಟ್ಟು ಚಂದ್ರ ಇಲ್ಲದ ಸಂಜೆ ಅದೇ ಕಡೆ, ಪೂರ್ವಕ್ಕೆ, ಎಂಟೂವರೆ ಹೊತ್ತಿಗೆ ನೋಡಿ. ರೋಹಿಣಿಯ ಸ್ವಲ್ಪ ಮೇಲೆ ಒಂದು ಪುಟ್ಟ ಗೊಂಚಲು. ಅದು ಕೃತ್ತಿಕೆ. ಬರಿಗಣ್ಣಿಗೆ ಆರು ಚುಕ್ಕಿ, ಕಣ್ಣು ಚುರುಕಿದ್ದರೆ ಏಳು. ರೋಹಿಣಿಯ ಕೆಳಗೆ, ಸಾಲಾಗಿ ಹತ್ತಿರ ಹತ್ತಿರ ಮೂರು ನಕ್ಷತ್ರ. ಅವು ಮಹಾವ್ಯಾಧನ, ಅಂದರೆ ಬೇಟೆಗಾರನ ಆಕಾರದ ಓರಿಯನ್ ನಕ್ಷತ್ರಪುಂಜದ, ಸೊಂಟದ ಪಟ್ಟಿ. ಆ ಮೂರರ ಗೆರೆಯನ್ನು ಒಂದು ಕಡೆ ಎಳೆದರೆ ರೋಹಿಣಿಗೂ ಕೃತ್ತಿಕೆಗೂ ಹೋಗುತ್ತದೆ, ಇನ್ನೊಂದು ಕಡೆ ಎಳೆದರೆ ಲುಬ್ಧಕಕ್ಕೆ, ಅಂದರೆ ಇಡೀ ರಾತ್ರಿ ಆಕಾಶದಲ್ಲೇ ಹೆಚ್ಚು ಹೊಳೆಯುವ ನಕ್ಷತ್ರಕ್ಕೆ. ಪಟ್ಟಿಯ ಎಡಕ್ಕೆ ಕೆಂಪಗೆ ಇರುವುದು ಆರ್ದ್ರೆ. ಒಂದೇ ಸಂಜೆಯಲ್ಲಿ ನಾಲ್ಕೈದು ಆಯಿತಲ್ಲ?

ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ನಮ್ಮ ರೈತರು ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ಲೆಕ್ಕ ಇಡುತ್ತಾರೆ ಅಲ್ವಾ, ಅದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎನ್ನುವ ಲೆಕ್ಕ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆ ಮೇ ಕೊನೆಯಲ್ಲಿ ಶುರು. ಆಗ ಸೂರ್ಯ ರೋಹಿಣಿಯ ಕಡೆ ಇರುವುದರಿಂದ ಆ ನಕ್ಷತ್ರ ಹಗಲಲ್ಲಿ ಮೇಲಿರುತ್ತದೆ, ಕಾಣುವುದಿಲ್ಲ. ಆರು ತಿಂಗಳು ಕಳೆದರೆ ಸೂರ್ಯ ಆಕಾಶದ ಎದುರು ಬದಿಗೆ ಹೋಗಿರುತ್ತಾನೆ, ರೋಹಿಣಿ ರಾತ್ರಿಯಿಡೀ ಕಾಣುತ್ತದೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರಿಗೇ ಇರುವವನು, ಹಾಗಾಗಿ ಅವನೂ ಅಲ್ಲಿಗೇ ಬರುತ್ತಾನೆ. ಅದೇ ಹುತ್ತರಿಯ ಹೊತ್ತು. ಬಾಯಲ್ಲಿರುವ ಮಳೆ ನಕ್ಷತ್ರಗಳ ಪಟ್ಟಿಗೆ ಆರು ತಿಂಗಳು ಕೂಡಿಸಿಕೊಂಡು ಹೋದರೆ ಯಾವುದನ್ನು ಯಾವಾಗ ಹುಡುಕಬೇಕು ಅಂತ ನಿಮಗೇ ಗೊತ್ತಾಗುತ್ತದೆ, ಯಾವ ಆ್ಯಪೂ ಬೇಡ.

ಫೆಬ್ರವರಿಯಲ್ಲಿ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ. ಲುಬ್ಧಕದಿಂದ ಕೆಳಗೆ ಬಂದರೆ ಬೆಟ್ಟದ ಸಾಲಿಗೆ ಇಳಿಯುವ ಮೊದಲು ಇನ್ನೊಂದು ಪ್ರಕಾಶಮಾನ ನಕ್ಷತ್ರ. ಅದು ಅಗಸ್ತ್ಯ, ಹೊಳಪಿನಲ್ಲಿ ಲುಬ್ಧಕದ ನಂತರದ ಜಾಗ ಅದರದ್ದೇ. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡಿದ್ದ ಋಷಿಯ ಹೆಸರು. ದೆಹಲಿಯಲ್ಲಿ ಅದು ನೆಲಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ, ಲಂಡನ್‌ನಲ್ಲಿ ಯಾವತ್ತೂ ಏಳುವುದೇ ಇಲ್ಲ. ನಮ್ಮಲ್ಲಿ ಆರಾಮವಾಗಿ 25 ಡಿಗ್ರಿ ಮೇಲೆ ನಿಲ್ಲುತ್ತದೆ.

ಅಂಕಲ್, ಧ್ರುವ ನಕ್ಷತ್ರ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನಮ್ಮ ಮನೆ ಉತ್ತರಕ್ಕೆ ಗುಡ್ಡ ಇದೆ.
— 9ನೇ ತರಗತಿ ವಿದ್ಯಾರ್ಥಿ, ಗೋಣಿಕೊಪ್ಪ

ಗುಡ್ಡದ ಹಿಂದೆ ಇದೆ ಮರಿ, ಇನ್ನೇನು. ನೀನಿರುವ ಜಾಗ ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ ಧ್ರುವ ನಕ್ಷತ್ರ ಸುಮಾರು ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೊಡಗು ಇರುವುದು 12 ಡಿಗ್ರಿಯಲ್ಲಿ. ಕೈ ಉದ್ದ ಚಾಚಿ ಮುಷ್ಟಿ ಹಿಡಿ, ಅದರ ಅಗಲ ಸುಮಾರು 10 ಡಿಗ್ರಿ. ಒಂದು ಮುಷ್ಟಿ, ಮೇಲೆ ಚೂರು. ಅಷ್ಟು ಕೆಳಗಿರುವುದನ್ನು ಒಂದು ಸಿಲ್ವರ್ ಮರವೂ ಮುಚ್ಚಿಬಿಡುತ್ತದೆ. ಅದು ತುಂಬಾ ಹೊಳೆಯುವ ನಕ್ಷತ್ರವೂ ಅಲ್ಲ. ಸಿಗಲಿಲ್ಲ ಅಂದರೆ ಬಿಡು, ನಮಗೆ ದಕ್ಷಿಣ ದೊಡ್ಡದು. ಮೇ ತಿಂಗಳ ಮೊದಲ ಎರಡು ವಾರ ರಾತ್ರಿ ಒಂಬತ್ತೂವರೆಗೆ ದಕ್ಷಿಣಕ್ಕೆ ನೋಡು, ಗಾಳಿಪಟದ ಆಕಾರದಲ್ಲಿ ನಾಲ್ಕು ನಕ್ಷತ್ರ, ಅದು ತ್ರಿಶಂಕು. ಯುರೋಪಿನ ಹುಡುಗರು ಅದನ್ನು ನೋಡಬೇಕಾದರೆ ವಿಮಾನ ಹತ್ತಬೇಕು.

ಸೇನೆಯಲ್ಲಿದ್ದ ನನ್ನ ಮಾವನವರ ಹಳೇ ಬೈನಾಕ್ಯುಲರ್ ಮನೆಯಲ್ಲಿದೆ. 7×50 ಅಂತ ಬರೆದಿದೆ. ಇದು ಆಕಾಶಕ್ಕೆ ಆಗುತ್ತದೆಯಾ? ಒಳಗೆ ಜೇಡರ ಬಲೆ ಥರ ಏನೋ ಕಾಣುತ್ತದೆ.
— ಗೃಹಿಣಿ, ವಿರಾಜಪೇಟೆ

ಆಗುತ್ತದೆ ಅನ್ನುವುದೇನು, ಹುಡುಕಿದರೂ ಇದಕ್ಕಿಂತ ಒಳ್ಳೇದು ಸಿಗುವುದು ಕಷ್ಟ. 7 ಅಂದರೆ ಏಳು ಪಟ್ಟು, 50 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10×50 ಕೂಡ ಚೆನ್ನಾಗಿರುತ್ತದೆ, ಕೈ ನಡುಕ ಸ್ವಲ್ಪ ಜಾಸ್ತಿ ಗೊತ್ತಾಗುತ್ತದೆ ಅಷ್ಟೇ. ಈಸಿ ಚೇರ್ ಹಾಕಿ ಒರಗಿಕೊಂಡು ಮೊಣಕೈ ಊರಿ ನೋಡಿ. ಗುರುವಿನ ನಾಲ್ಕು ಚಂದ್ರರು, ಚಂದ್ರನ ಕುಳಿಗಳು, ಕೃತ್ತಿಕೆಯಲ್ಲಿ ಆರರ ಬದಲು ಹತ್ತಾರು ನಕ್ಷತ್ರ, ಮಹಾವ್ಯಾಧನ ಪಟ್ಟಿಯ ಕೆಳಗೆ ಹೊಗೆಯ ಹಾಗಿರುವ ನೀಹಾರಿಕೆ, ಎಲ್ಲ ಸಿಗುತ್ತವೆ. ನವೆಂಬರ್‌ನಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯನ್ನೂ ಹುಡುಕಿ. ಉದ್ದನೆಯ ಮಸುಕು ಮಚ್ಚೆ, ನೋಡಲು ಏನೂ ಅಲ್ಲ ಅನ್ನಿಸಬಹುದು. ಅಲ್ಲಿಂದ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ.

ಒಂದು ಮಾತು, ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ. ಬೆಳಕು ನೇರ ಬೀಳುವುದರಿಂದ ನೆರಳೇ ಇರುವುದಿಲ್ಲ, ಎಲ್ಲ ಚಪ್ಪಟೆ. ಸಪ್ತಮಿ ಅಷ್ಟಮಿ ಹೊತ್ತಿಗೆ ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ನೋಡಿ, ಅಲ್ಲಿ ಬೆಟ್ಟಗಳ ನೆರಳು ಉದ್ದ ಬಿದ್ದಿರುತ್ತದೆ.

ಆ ಬಲೆ ಜೇಡರದ್ದಲ್ಲ, ಬೂಷ್ಟು. ಕೊಡಗಿನಲ್ಲಿ ಗಾಜಿನ ಸಾಮಾನಿಗೆ ದೊಡ್ಡ ಶತ್ರು ಇದೇ. ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಚರ್ಮದ ಕವರಿನೊಳಗೆ ಬೆಚ್ಚಗೆ ಮುಚ್ಚಿಟ್ಟ ಲೆನ್ಸಿಗೆ ಹಿಡಿಯದೆ ಇರುತ್ತದಾ? ನೀವೇ ಬಿಚ್ಚಲು ಹೋಗಬೇಡಿ. ಒಳಗಿನ ಗಾಜು ಒಂಚೂರು ಜರುಗಿದರೂ ಎರಡು ಕಣ್ಣಿಗೆ ಎರಡು ಚಿತ್ರ ಕಾಣುತ್ತದೆ, ತಲೆನೋವು ಬರುತ್ತದೆ. ಕ್ಯಾಮೆರಾ ರಿಪೇರಿಯವರ ಹತ್ತಿರ ಕೊಡಿ. ಬೂಷ್ಟು ತೆಳ್ಳಗಿದ್ದರೆ ಹೋಗುತ್ತದೆ, ಗಾಜನ್ನೇ ತಿಂದಿದ್ದರೆ ಕಲೆ ಉಳಿಯುತ್ತದೆ, ಆದರೂ ನೋಡಲು ಅಡ್ಡಿಯಿಲ್ಲ.

ವಾಪಸ್ ಬಂದ ಮೇಲೆ ಚರ್ಮದ ಕವರಿಗೆ ಹಾಕಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ. ರಾತ್ರಿ ಹೊರಗೆ ನೋಡಿ ಒಳಗೆ ತಂದಾಗ ಗಾಜಿನ ಮೇಲೆ ಇಬ್ಬನಿ ಇರುತ್ತದೆ. ಸೆರಗಿನಲ್ಲಿ ಒರೆಸಲು ಕೈ ಹೋಗುತ್ತದೆ, ಬೇಡ. ತಾನಾಗೇ ಆರಲಿ, ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸೂರ್ಯನೇ ಕಾಣುವುದಿಲ್ಲ. ಈ ಊರಲ್ಲಿ ಈ ಹವ್ಯಾಸ ಸುಮ್ನೆ ಅಲ್ವಾ?
— ಅಂಗಡಿ ಮಾಲೀಕರು, ಶಾಂತಳ್ಳಿ

ಶಾಂತಳ್ಳಿಯವರು ಕೇಳಿದರೆ ನ್ಯಾಯ ಇದೆ. ಆದರೆ ಉಳಿದ ತಿಂಗಳು ನಿಮ್ಮ ಆಕಾಶಕ್ಕೆ ಬೆಂಗಳೂರಿನವರು ಕಾರು ಮಾಡಿಕೊಂಡು ಬರುತ್ತಾರೆ ಮಾರಾಯ್ರೇ. ಮಳೆ ತೊಳೆದುಹೋದ ಗಾಳಿಯಲ್ಲಿ ಧೂಳಿರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ನಮ್ಮ ಸುಗ್ಗಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನದ ರಾತ್ರಿಯನ್ನೂ ಬಿಡಬೇಡಿ. ಮಡಿಕೇರಿ ಕಡೆ ಚಳಿಗಾಲದಲ್ಲಿ ತಡರಾತ್ರಿ ಮಂಜು ಇಳಿಯುವುದುಂಟು, ಹಾಗಾಗಿ ಸಂಜೆ ಏಳರಿಂದ ಹತ್ತು ಒಳ್ಳೇ ಹೊತ್ತು.

ಉಲ್ಕೆ ವಿಷಯದಲ್ಲೂ ಹಾಗೆ. ಆಗಸ್ಟ್‌ನ ಪರ್ಸೀಡ್ ಉಲ್ಕಾವರ್ಷಕ್ಕೆ ಎಲ್ಲರೂ ಕಾಯುತ್ತಾರೆ. ನಮಗೆ ಆಗ ಬೇರೆ ವರ್ಷವೇ ಸುರಿಯುತ್ತಿರುತ್ತದೆ. ನೀವು ಡಿಸೆಂಬರ್ 13, 14ರ ಜೆಮಿನಿಡ್ ನೋಡಿ. ರಾತ್ರಿ ಹತ್ತರ ಮೇಲೆ ಚಾಪೆ ಹಾಸಿ ಕಂಬಳಿ ಹೊದ್ದು ಮಲಗಿದರೆ ಸಾಕು, ಯಾವ ಉಪಕರಣವೂ ಬೇಡ. ಫೇಥಾನ್ ಎಂಬ ಕ್ಷುದ್ರಗ್ರಹ ಉದುರಿಸಿದ ಚೂರುಗಳು ಅವು. ಸಾಮಾನ್ಯವಾಗಿ ಉಲ್ಕೆಗಳು ಧೂಮಕೇತುವಿನ ಧೂಳು, ಇದು ಸ್ವಲ್ಪ ಬೇರೆ ಜಾತಿ. ಆ ವರ್ಷ ಚಂದ್ರ ಯಾವ ಹಂತದಲ್ಲಿದ್ದಾನೆ ಅಂತ ಮಾತ್ರ ಕ್ಯಾಲೆಂಡರ್ ನೋಡಿಕೊಳ್ಳಿ, ಹುಣ್ಣಿಮೆ ಹತ್ತಿರ ಬಿದ್ದರೆ ಅರ್ಧಕ್ಕರ್ಧ ಕಾಣುವುದಿಲ್ಲ.

ಮಳೆಗಾಲದಲ್ಲಿ ಓದಿ. ಸ್ಟೆಲೇರಿಯಂ ಎಂಬ ಉಚಿತ ಸಾಫ್ಟ್‌ವೇರ್ ಇದೆ, ನಿಮ್ಮೂರಿನ ಆಕಾಶವನ್ನು ಯಾವ ದಿನ ಯಾವ ಗಂಟೆಗೆ ಬೇಕಾದರೂ ಕಂಪ್ಯೂಟರಿನಲ್ಲಿ ತೋರಿಸುತ್ತದೆ. ಮಂಗಳೂರಿಗೆ ಹೋದಾಗ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ, ಬೆಂಗಳೂರಿಗೆ ಹೋದಾಗ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಕುಶಾಲನಗರದಲ್ಲಿ ಲೈಟು ಜಾಸ್ತಿ. ಸ್ನೇಹಿತರು ಸೇರಿ ರಾತ್ರಿ ಬೈಕಿನಲ್ಲಿ ಯಾವುದಾದರೂ ಬೆಟ್ಟಕ್ಕೋ ಕಾಡಿನ ಅಂಚಿಗೋ ಹೋಗೋಣ ಅಂತಿದ್ದೇವೆ. ಒಳ್ಳೇ ಜಾಗ ಹೇಳಿ.
— ಐಟಿಐ ವಿದ್ಯಾರ್ಥಿ

ಹೇಳುವುದಿಲ್ಲ. ಕತ್ತಲಲ್ಲಿ, ಲೈಟ್ ಆರಿಸಿ, ತಲೆ ಎತ್ತಿ ನಿಂತಿರುವವನಿಗೆ ಹಿಂದೆ ಬಂದ ಆನೆ ಗೊತ್ತಾಗುವುದಿಲ್ಲ. ಸಿದ್ದಾಪುರ, ತಿತಿಮತಿ ಕಡೆಯ ತೋಟದವರನ್ನು ಕೇಳಿ, ಅವರು ಸಂಜೆ ಆರರ ಮೇಲೆ ತೋಟದೊಳಗೆ ಕಾಲಿಡಲು ಎಷ್ಟು ಯೋಚಿಸುತ್ತಾರೆ ಅಂತ. ಕಾಡಿನೊಳಗೆ ಹೋಗುವ ಮಾತಂತೂ ಬೇಡ.

ತೋಟದ ಮನೆಯಿರುವ ಸ್ನೇಹಿತ ಒಬ್ಬನಾದರೂ ಇರುತ್ತಾನಲ್ಲ? ಅವನ ಮನೆಯ ಕಾಫಿ ಒಣಗಿಸುವ ಕಣ ನೋಡಿ. ಸಿಮೆಂಟ್ ನೆಲ, ಸಮತಟ್ಟು, ಸುತ್ತ ಮರ ಕಡಿದಿರುತ್ತಾರೆ, ಮನೆ ಹತ್ತು ಹೆಜ್ಜೆಯಲ್ಲಿ. ಆಕಾಶ ನೋಡಲು ಇದಕ್ಕಿಂತ ಒಳ್ಳೇ ಜಾಗವನ್ನು ದುಡ್ಡು ಕೊಟ್ಟು ಕಟ್ಟಿಸಲೂ ಆಗದು. ಕೊಯ್ಲಿನ ಸಮಯದಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ತುಳಿದರೆ ಅವರಮ್ಮ ಬಿಡುವುದಿಲ್ಲ, ಅಂಚಿನಲ್ಲಿ ಕುರ್ಚಿ ಹಾಕಿಕೊಳ್ಳಿ. ಅಂಗಳದ ಲೈಟ್ ಆರಿಸಿ, ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು 20–30 ನಿಮಿಷ ಬೇಕು. ಆ ಮಧ್ಯೆ ಯಾರೋ ಒಬ್ಬ ಮೊಬೈಲ್ ತೆಗೆದರೆ ಎಲ್ಲರದ್ದೂ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿ.

ತಲಕಾವೇರಿ ತೀರ್ಥೋದ್ಭವ ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿಗೆ ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಅವತ್ತು ಸೂರ್ಯ ಕನ್ಯಾದಲ್ಲೇ ಇದ್ದಾನೆ. ಯಾವುದು ಸರಿ?
— ಭಾಗಮಂಡಲದ ಓದುಗರು

ಎರಡೂ ಸರಿ, ಅಳತೆ ಬೇರೆ ಬೇರೆ. ಪಂಚಾಂಗದ ರಾಶಿ ಅಂದರೆ ಸೂರ್ಯನ ದಾರಿಯನ್ನು ಹನ್ನೆರಡು ಸಮಪಾಲು ಮಾಡಿದ್ದು, ಒಂದೊಂದು ಸರಿಯಾಗಿ 30 ಡಿಗ್ರಿ. ಆ್ಯಪ್ ತೋರಿಸುವುದು ಖಗೋಳ ವಿಜ್ಞಾನಿಗಳ ಅಂತಾರಾಷ್ಟ್ರೀಯ ಒಕ್ಕೂಟ ಸುಮಾರು 1930ರಲ್ಲಿ ಎಳೆದ ಗಡಿಗಳನ್ನು. ಅಲ್ಲಿ ಕನ್ಯಾ ತುಂಬಾ ಉದ್ದ, ಸೂರ್ಯ ಅದನ್ನು ದಾಟುವಾಗ ಅಕ್ಟೋಬರ್ ಮುಗಿದೇ ಹೋಗುತ್ತದೆ. ಪಂಚಾಂಗದ ತುಲೆ ಶುರುವಾಗುವ ಜಾಗದ ಹತ್ತಿರವೇ ಚಿತ್ತಾ ನಕ್ಷತ್ರ ಇದೆ. ಅಕ್ಟೋಬರ್ 17ರ ಹೊತ್ತಿಗೆ ತೀರ್ಥ ಉಕ್ಕುವಾಗ ಸೂರ್ಯ ಚಿತ್ತೆಯ ಪಕ್ಕದಲ್ಲೇ, ಎರಡು ಡಿಗ್ರಿ ಅಂತರದಲ್ಲಿ ನಿಂತಿರುತ್ತಾನೆ. ಬೆಳಕಿಗೆ ಕಾಣುವುದಿಲ್ಲ. ಏಪ್ರಿಲ್ ರಾತ್ರಿ ಆ ಚಿತ್ತೆಯನ್ನು ಪೂರ್ವದಲ್ಲಿ ಹುಡುಕಿ, ನೀಲಿ ಬಿಳುಪಿನ ನಕ್ಷತ್ರ.

2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ಕುಟ್ಟದಲ್ಲಿ ನೋಡಿದ್ದೆವು. ಮತ್ತೆ ಯಾವಾಗ?
— ಶಾಲಾ ಶಿಕ್ಷಕರು, ಶ್ರೀಮಂಗಲ

ಅದೃಷ್ಟವಂತರು, ಸೂರ್ಯ ಬಳೆಯ ಹಾಗೆ ಕಾಣುವ ಜಾಗಗಳ ಪಟ್ಟಿ ದಕ್ಷಿಣ ಕೊಡಗಿನ ಮೇಲೇ ಹೋಗಿತ್ತು. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮಗೆ ಪಾರ್ಶ್ವ ಮಾತ್ರ, ಅದೂ ಮಳೆಗಾಲ, ನೆಚ್ಚಿಕೊಳ್ಳಬೇಡಿ. 2031ರ ಮೇ 21ರ ಕಂಕಣ ಗ್ರಹಣದ ಪಟ್ಟಿ ದಕ್ಷಿಣ ಕೇರಳ, ಮದುರೆ ಕಡೆ ಹೋಗುತ್ತದೆ. ನಿಮ್ಮ ಶಾಲೆಯಿಂದ ಬಸ್ ಮಾಡಿಕೊಂಡು ಹೋಗಬಹುದಾದ ದೂರ. ಮಕ್ಕಳಿಗೆ ಎಕ್ಸ್‌ರೇ ಹಾಳೆ ಕೊಡಬೇಡಿ, ಗ್ರಹಣದ ಕನ್ನಡಕವೇ ಬೇಕು. ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡುವುದೂ ಅಪಾಯವೇ, ಕನ್ನಡಕ ಸುಟ್ಟು ಕಣ್ಣಿಗೇ ಬೀಳುತ್ತದೆ. ಫಿಲ್ಟರ್ ಹಾಕುವುದಾದರೆ ಕೊಳವೆಯ ಮುಂದೆ ಹಾಕಬೇಕು.

ಅದಕ್ಕೂ ಮೊದಲು ಒಂದಿದೆ. 2028ರ ಡಿಸೆಂಬರ್ 31, ಪೂರ್ಣ ಚಂದ್ರಗ್ರಹಣ. ಭಾರತದಿಂದ ಕಾಣುತ್ತದೆ. ರಾತ್ರಿ ಹತ್ತರ ಆಸುಪಾಸಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಚಂದ್ರ ಕೆಂಪಗಿರುತ್ತಾನೆ, ಕಣ್ಣಿಗೆ ಏನೂ ಹಾಕಿಕೊಳ್ಳಬೇಕಾಗಿಲ್ಲ, ನಮ್ಮಲ್ಲಿ ಆಕಾಶ ತಿಳಿಯಾಗಿರುವ ಕಾಲವೂ ಹೌದು. ಅವತ್ತು ಹೊಸ ವರ್ಷದ ರಾತ್ರಿಯಾದ್ದರಿಂದ ಸುತ್ತಲಿನ ಹೋಮ್‌ಸ್ಟೇಯವರಿಗೆ ಒಂದು ವಾರ ಮೊದಲೇ ಹೇಳಿಡಿ, ಹನ್ನೊಂದರವರೆಗೆ ಫ್ಲಡ್‌ಲೈಟ್ ಆರಿಸಿದರೆ ಅವರ ಅತಿಥಿಗಳಿಗೂ ನೋಡಲು ಸಿಗುತ್ತದೆ ಅಂತ.